ನಲ್ಲಿಗೆ ಪೈಪು ಎಂದ ಮಕ್ಕಳು

ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಭಾನುವಾರದ ಪಾಠಕ್ಕೆ ಕೂತ ಮೊದಲ ದಿನ ನಾನು ಹಲಗೆಯ ಮೇಲೆ ಬರೆದ ಲೆಕ್ಕದಲ್ಲಿ ಒಂದು ನಲ್ಲಿ ಇತ್ತು. ನಿಮಿಷಕ್ಕೆ ಎಂಟು ಲೀಟರ್ ನೀರು ಬಿಡುವ ನಲ್ಲಿ, ಇನ್ನೂರು ಲೀಟರಿನ ತೊಟ್ಟಿ, ತುಂಬಲು ಎಷ್ಟು ಹೊತ್ತು? ಎದುರಿಗೆ ಹದಿನಾಲ್ಕು ಮಕ್ಕಳು. ಯಾರೂ ಉಸಿರೆತ್ತಲಿಲ್ಲ. ಭಾಗಾಕಾರ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಷರಾ ಬರೆದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, "ಸರ, ನಲ್ಲಿ ಅಂದ್ರ ಏನ್ರೀ?" ಎಂದ. ಪಕ್ಕದವಳು ಅವನ ತೊಡೆ ಚಿವುಟಿ, "ನಳ ಲೇ, ನಳ" ಎಂದಳು. ಇಡೀ ಸಾಲು ನಕ್ಕಿತು. ಎರಡು ನಿಮಿಷದಲ್ಲಿ ಮೂವರು ಉತ್ತರ ತಂದರು.

ಹಳೇ ಮೈಸೂರಿನವನಾದ ನನಗೆ ಅದು ನಲ್ಲಿ. ಅವರಿಗೆ ನಳ. ಪುಸ್ತಕದ ಭಾಷೆಗೆ ಕೊಳಾಯಿ. ನನ್ನ ಮೌನಷರಾ ಆ ಮಕ್ಕಳ ಯಾವ ದಾಖಲೆಯಲ್ಲೂ ಸೇರಲಿಲ್ಲ, ಪುಣ್ಯ. ಆದರೆ ಇದೇ ನಲ್ಲಿಯ ಕಾರಣಕ್ಕೆ ಮಕ್ಕಳ ಹಣೆಯ ಮೇಲೆ ಸರ್ಕಾರಿ ಮುದ್ರೆ ಬಿದ್ದ ಊರೊಂದಿದೆ. ಅದು ಲಂಡನ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ದುಡಿಯುವ ಕೈ ಬೇಕಾಗಿತ್ತು. 1948ರ ಜೂನ್‌ನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಟಿಲ್ಬರಿ ಬಂದರಿಗೆ ಬಂತು. ಅದರ ಹಿಂದೆಯೇ ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್, ಗ್ರೆನಡಾಗಳಿಂದ ಸಾವಿರಾರು ಜನ ಬಂದು ಬಸ್ಸು, ರೈಲು, ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದರು. ಎಷ್ಟೋ ಮಂದಿ ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಬಂದಿದ್ದರು, ಕೆಲವು ವರ್ಷಗಳ ನಂತರ ಕರೆಸಿಕೊಂಡರು. ಆ ಮಕ್ಕಳ ಗತಿ ನೋಡಿ: ಬಿಸಿಲಿನ ದ್ವೀಪ ಬಿಟ್ಟು ಚಳಿಯ ಊರಿಗೆ ಬಂದಿವೆ, ಮುಖ ಮರೆತ ತಾಯಿಯ ಜೊತೆ ಒಂದೇ ಕೋಣೆಯಲ್ಲಿವೆ. ಅವು ಆಡುವ ಇಂಗ್ಲಿಷು ಟೀಚರಿಗೆ ತಿಳಿಯುವುದಿಲ್ಲ, ಟೀಚರು ಆಡುವ ಇಂಗ್ಲಿಷು ಅವಕ್ಕೆ ತಲೆಗೆ ಹತ್ತುವುದಿಲ್ಲ. ಅಂಥ ಮಗುವನ್ನು ಕೂರಿಸಿ ಬುದ್ಧಿಮತ್ತೆಯ ಪರೀಕ್ಷೆ ಮಾಡಲಾಗುತ್ತಿತ್ತು.

ಗಯಾನಾ ಮೂಲದ ಶಿಕ್ಷಣ ಮನೋವಿಜ್ಞಾನಿ ವೇವ್ನಿ ಬುಶೆಲ್ ಆ ಪರೀಕ್ಷೆಗಳನ್ನು ಒಳಗಿನಿಂದ ಕಂಡವರು. ಪರೀಕ್ಷೆಯಲ್ಲಿ ‘ಟ್ಯಾಪ್’ ಎಂಬ ಪದ ಇತ್ತು. ಕೆರಿಬಿಯನ್ ಮನೆಗಳಲ್ಲಿ ಅದಕ್ಕೆ ‘ಪೈಪ್’ ಎನ್ನುತ್ತಿದ್ದರು. ಟ್ಯಾಪ್ ಗೊತ್ತಿಲ್ಲದ ಮಗುವಿಗೆ ಅಂಕ ಕಡಿಮೆ, ಅಂಕ ಕಡಿಮೆ ಬಿದ್ದ ಮಗುವಿಗೆ ಬುದ್ಧಿ ಕಡಿಮೆ. ಹೀಗೆ ಪದದ ಮೇಲೆ ಪದ ಕೂಡಿಸಿ ಕೊನೆಗೆ ಒಂದು ತೀರ್ಪು ಬರುತ್ತಿತ್ತು. 1944ರ ಶಿಕ್ಷಣ ಕಾಯ್ದೆಯ ನಿಯಮಗಳು ಆ ತೀರ್ಪಿಗೆ ಹೆಸರನ್ನೂ ಇಟ್ಟಿದ್ದವು: ‘ಎಜುಕೇಶನಲಿ ಸಬ್‌ನಾರ್ಮಲ್’. ಶೈಕ್ಷಣಿಕವಾಗಿ ಸಾಮಾನ್ಯ ಮಟ್ಟಕ್ಕಿಂತ ಕೆಳಗಿನವರು. ಚುಟುಕಾಗಿ ಇ.ಎಸ್.ಎನ್. ಅವರಿಗೆ ಬೇರೆ ಶಾಲೆ. ಒಮ್ಮೆ ಅಲ್ಲಿಗೆ ಹೋದವರು ಮಾಮೂಲಿ ಶಾಲೆಗೆ ಮರಳುವುದು ಅಪರೂಪ.

ತಂದೆತಾಯಿಗೆ ಅದನ್ನು ‘ಸ್ಪೆಷಲ್ ಸ್ಕೂಲ್’ ಎಂದು ಹೇಳಲಾಗುತ್ತಿತ್ತು. ಸ್ಪೆಷಲ್ ಎಂದರೆ ಒಳ್ಳೆಯದೇ ಇರಬೇಕು ಎಂದು ಅವರು ಹಿಗ್ಗಿದರು. ನಗಬೇಡಿ. ಹೋಟೆಲ್ ಬೋರ್ಡಿನಲ್ಲಿ ‘ಸ್ಪೆಷಲ್’ ಕಂಡರೆ ನಾವು ಇಪ್ಪತ್ತು ರೂಪಾಯಿ ಹೆಚ್ಚು ಕೊಡುವುದಿಲ್ಲವೆ? ನಮ್ಮ ಹೈಸ್ಕೂಲುಗಳ ‘ವಿಶೇಷ ತರಗತಿ’ಯಲ್ಲೂ ಆ ‘ವಿಶೇಷ’ ಯಾರಿಗೆ ಸಲ್ಲುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು, ಪೋಷಕರಿಗೆ ತಡವಾಗಿ ಗೊತ್ತಾಗುತ್ತದೆ.

1967ರ ಹೊತ್ತಿಗೆ ಒಳಲಂಡನ್ನಿನ ಶಿಕ್ಷಣ ಪ್ರಾಧಿಕಾರದ ವರದಿಯಲ್ಲೇ ಲೆಕ್ಕ ಇತ್ತು. ಮಾಮೂಲಿ ಶಾಲೆಗಳಲ್ಲಿ ವಲಸಿಗರ ಮಕ್ಕಳು ನೂರಕ್ಕೆ 15. ಇ.ಎಸ್.ಎನ್. ಶಾಲೆಗಳಲ್ಲಿ ನೂರಕ್ಕೆ 28. ಆ 28ರಲ್ಲಿ ಮುಕ್ಕಾಲು ಪಾಲು ಕೆರಿಬಿಯನ್ ಮಕ್ಕಳೇ. ಈ ಅಂಕಿಗಳನ್ನು ಜನರ ಮುಂದಿಟ್ಟವನು ಗ್ರೆನಡಾದ ಬರ್ನಾರ್ಡ್ ಕೋರ್ಡ್ ಎಂಬ ಯುವಕ. ಅಂಥ ಶಾಲೆಗಳಲ್ಲೇ ಪಾಠ ಮಾಡುತ್ತಿದ್ದವನು. 1971ರಲ್ಲಿ ಅವನು ಬರೆದ ಸಣ್ಣ ಪುಸ್ತಿಕೆಯ ಉದ್ದನೆಯ ಹೆಸರಿನ ಸಾರ ಇಷ್ಟು: ವೆಸ್ಟ್ ಇಂಡಿಯನ್ ಮಗುವನ್ನು ಬ್ರಿಟನ್ನಿನ ಶಾಲೆಗಳು ‘ಸಬ್‌ನಾರ್ಮಲ್’ ಮಾಡುವುದು ಹೇಗೆ? ಗಮನಿಸಿ, ಮಗು ಹಾಗಿದೆ ಎಂದಲ್ಲ, ಹಾಗೆ ಮಾಡುತ್ತಾರೆ ಎಂದು. ಅವನು ಅದನ್ನು ಬರೆದದ್ದು ಅಧಿಕಾರಿಗಳಿಗಲ್ಲ, ತಂದೆತಾಯಿಗೆ. ಮಗುವಿಗೆ ಇಂಥ ಪರೀಕ್ಷೆ ಎಂದರೆ ಏನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು, ಮನೆಯಲ್ಲಿ ಏನು ಮಾಡಬೇಕು ಎಂದೆಲ್ಲ ಅದರಲ್ಲಿತ್ತು. ಇದೇ ಕೋರ್ಡ್ ಮುಂದೆ ಗ್ರೆನಡಾದ ಉಪಪ್ರಧಾನಿಯಾಗಿ, 1983ರಲ್ಲಿ ನಡೆದ ಪ್ರಧಾನಿ ಮಾರಿಸ್ ಬಿಷಪ್ ಹತ್ಯೆಯ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ, 2009ರವರೆಗೆ ಜೈಲಿನಲ್ಲಿದ್ದ. ಮಕ್ಕಳ ಪರ ನಿಂತ ಪುಸ್ತಿಕೆಗೂ ಆ ರಕ್ತಕ್ಕೂ ಒಂದೇ ಕೈ ಎಂಬುದನ್ನು ಎಲ್ಲಿ ಇಟ್ಟು ನೋಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಆ ಪುಸ್ತಿಕೆ ಅಚ್ಚಾದದ್ದು ಉತ್ತರ ಲಂಡನ್ನಿನ ‘ನ್ಯೂ ಬೀಕನ್ ಬುಕ್ಸ್’ ಎಂಬ ಪುಟ್ಟ ಪ್ರಕಾಶನದಿಂದ. ಅದನ್ನು 1966ರಲ್ಲಿ ಕಟ್ಟಿದವರು ಟ್ರಿನಿಡಾಡಿನ ಕವಿ, ಕಾರ್ಮಿಕ ನಾಯಕ ಜಾನ್ ಲಾ ರೋಸ್ ಮತ್ತು ಸಾರಾ ವೈಟ್. ಲಾ ರೋಸ್ 1969ರಲ್ಲಿ ತಮ್ಮ ಮನೆಯಲ್ಲೇ ಶನಿವಾರದ ಶಾಲೆಯೊಂದನ್ನು ಶುರು ಮಾಡಿದ್ದರು, ವಸಾಹತುಶಾಹಿಯ ವಿರುದ್ಧ ಹೋರಾಡಿದ ಜಾರ್ಜ್ ಪ್ಯಾಡ್ಮೋರ್ ಹೆಸರಿನಲ್ಲಿ. ತಮ್ಮ ಮಕ್ಕಳು, ನೆರೆಹೊರೆಯ ನಾಲ್ಕು ಮಕ್ಕಳು, ಅಷ್ಟೆ. ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಶಿಕ್ಷಣ ಹೋರಾಟಗಾರ ಗಸ್ ಜಾನ್ ಅದಕ್ಕೂ ಒಂದು ವರ್ಷ ಮುಂಚೆ ಇಂಥದ್ದೊಂದನ್ನು ತೆರೆದಿದ್ದರು. ಎಪ್ಪತ್ತರ ದಶಕದಲ್ಲಿ ಚರ್ಚಿನ ಹಾಲು, ಯಾರದೋ ಮನೆಯ ಪಡಸಾಲೆ, ಸಮುದಾಯ ಭವನದ ಮೂಲೆ, ಜಾಗ ಸಿಕ್ಕಲ್ಲೆಲ್ಲ ಶನಿವಾರದ ಶಾಲೆಗಳು ಹುಟ್ಟಿಕೊಂಡವು. ಪಾಠ ಹೇಳುವವರು ಬಸ್ ಡಿಪೋದ, ಆಸ್ಪತ್ರೆಯ ಪಾಳಿ ಮುಗಿಸಿ ಬಂದವರು, ವಿಶ್ವವಿದ್ಯಾಲಯದ ಹುಡುಗರು, ಊರಲ್ಲಿ ಟೀಚರ್ ಆಗಿದ್ದು ಇಲ್ಲಿ ಬೇರೇನೋ ಮಾಡುತ್ತಿದ್ದ ಹೆಂಗಸರು. ಸಂಬಳದ ಮಾತಿಲ್ಲ.

ಅಲ್ಲಿ ಕಲಿಸುತ್ತಿದ್ದುದು ಏನು? ಓದು, ಬರಹ, ಲೆಕ್ಕ. ಜೊತೆಗೆ ಮಾಮೂಲಿ ಶಾಲೆ ಕಲಿಸದ ಒಂದು: ತಮ್ಮ ಜನರ ಚರಿತ್ರೆ. ಹೇಟಿಯ ಗುಲಾಮರ ದಂಗೆಯ ನಾಯಕ ಟೂಸಾಂ ಲೂವರ್ಟ್ಯೂರ್ ಯಾರು, ಜಮೈಕಾದ ಕರಿಯರ ನಾಯಕ ಮಾರ್ಕಸ್ ಗಾರ್ವಿ ಯಾರು. ಲೆಕ್ಕದಲ್ಲಿ ಹಿಂದಿರುವ ಹುಡುಗನಿಗೆ ಹೇಟಿಯ ಕ್ರಾಂತಿಯಿಂದ ಏನು ಉಪಯೋಗ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ವಾರದ ಐದು ದಿನ ‘ನಿನ್ನಿಂದ ಆಗುವುದಿಲ್ಲ’ ಎಂದು ಕೇಳಿಸಿಕೊಂಡ ಮಗು ಆರನೇ ದಿನ ತನ್ನಂಥ ಮುಖದವರು ರಾಜ್ಯ ಕಟ್ಟಿದ ಕಥೆ ಕೇಳಿದರೆ, ಮೊದಲು ಬೆನ್ನು ನೇರವಾಗುತ್ತದೆ. ಬೆನ್ನು ನೇರವಾಗದೆ ಪುಸ್ತಕದ ಮೇಲೆ ಕಣ್ಣು ನಿಲ್ಲುವುದಿಲ್ಲ. ಇದನ್ನು ಯಾವ ಅಂಕಪಟ್ಟಿಯಲ್ಲೂ ತೋರಿಸಲಾಗದು, ಆದರೆ ಪಾಠ ಹೇಳಿದವರಿಗೆ ಗೊತ್ತು.

ಚಲನಚಿತ್ರ ನಿರ್ದೇಶಕ ಸ್ಟೀವ್ ಮ್ಯಾಕ್ವೀನ್ 2020ರಲ್ಲಿ ಬಿಬಿಸಿಗೆ ಮಾಡಿದ ‘ಸ್ಮಾಲ್ ಆ್ಯಕ್ಸ್’ ಸರಣಿಯ ಕೊನೆಯ ಚಿತ್ರ ‘ಎಜುಕೇಶನ್’ ಈ ಎರಡೂ ಬಗೆಯ ಶಾಲೆಗಳ ಬಗ್ಗೆಯೇ. ಹನ್ನೆರಡು ವರ್ಷದ ಕಿಂಗ್ಸ್ಲಿಗೆ ಗಗನಯಾತ್ರಿಯಾಗುವ ಆಸೆ, ಓದಲು ಬಾರದು. ಅವನನ್ನು ‘ಸ್ಪೆಷಲ್’ ಶಾಲೆಗೆ ದಾಟಿಸುತ್ತಾರೆ. ಅಲ್ಲಿ ಮೇಷ್ಟ್ರು ಗಿಟಾರ್ ಹಿಡಿದು ಹಾಡುತ್ತಾ ಹೊತ್ತು ಕಳೆಯುವ ಒಂದು ದೃಶ್ಯ ಇದೆ, ಮುಗಿಯುವುದೇ ಇಲ್ಲ, ನೋಡುವವರಿಗೆ ಹಿಂಸೆಯಾಗುವಷ್ಟು ಉದ್ದ. ‘12 ಇಯರ್ಸ್ ಎ ಸ್ಲೇವ್’ಗೆ ಆಸ್ಕರ್ ಪಡೆದ ಮ್ಯಾಕ್ವೀನ್ ಅವರನ್ನೂ ಹದಿಮೂರನೇ ವಯಸ್ಸಿನಲ್ಲಿ ಪ್ಲಂಬರು, ಮೇಸ್ತ್ರಿ ಆಗಬೇಕಾದವರ ಗುಂಪಿಗೆ ತಳ್ಳಲಾಗಿತ್ತು. ಅವರೇ ಹೇಳಿಕೊಂಡಿದ್ದಾರೆ. ಪ್ಲಂಬರ್ ಆಗುವುದು ಕೀಳಲ್ಲ. ನಲ್ಲಿಗೆ ಏನೆನ್ನಬೇಕೆಂದು ಗೊತ್ತಿಲ್ಲ ಎಂದು ಹೊರಹಾಕಿದ ಮಕ್ಕಳನ್ನು ನಲ್ಲಿ ರಿಪೇರಿಗೇ ಕಳಿಸುವುದು ಮಾತ್ರ ವಿಚಿತ್ರ.

‘ಸಬ್‌ನಾರ್ಮಲ್’ ಎಂಬ ವರ್ಗವನ್ನು 1981ರ ಶಿಕ್ಷಣ ಕಾಯ್ದೆ ತೆಗೆದುಹಾಕಿತು. ಶನಿವಾರದ ಶಾಲೆಗಳು ಮಾತ್ರ ಮುಚ್ಚಲಿಲ್ಲ. ಇವತ್ತು ಬ್ರಿಟನ್ನಿನಲ್ಲಿ ನಾನಾ ಸಮುದಾಯಗಳ ವಾರಾಂತ್ಯ ಶಾಲೆಗಳಿವೆ. ನಮ್ಮ ಕನ್ನಡಿಗರೂ ಅಲ್ಲಿ ಶನಿವಾರ, ಭಾನುವಾರ ಮಕ್ಕಳನ್ನು ಸೇರಿಸಿ ಅ ಆ ಇ ಈ ತಿದ್ದಿಸುತ್ತಾರೆ. ಅದು ಭಾಷೆ ಉಳಿಸಿಕೊಳ್ಳುವ ಶಾಲೆ, ಕೆರಿಬಿಯನ್ನರದ್ದು ಮಗುವನ್ನೇ ಉಳಿಸಿಕೊಳ್ಳುವ ಶಾಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ರಜೆಯ ದಿನದ ಶಾಲೆ ಎಂಬ ಕಲ್ಪನೆ ಆ ದೇಶಕ್ಕೆ ಹೊಸದೂ ಅಲ್ಲ. 1780ರಲ್ಲಿ ಗ್ಲಾಸ್ಟರ್ ಎಂಬ ಊರಿನ ಪತ್ರಿಕೆಯೊಂದರ ಒಡೆಯ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ತೆರೆದ. ವಾರವಿಡೀ ಗುಂಡುಸೂಜಿ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳಿಗೆ ಬಿಡುವು ಇದ್ದದ್ದು ಅದೊಂದೇ ದಿನ. ‘ಸಂಡೇ ಸ್ಕೂಲ್’ ಎಂದರೆ ನಮಗೆ ಈಗ ಬೈಬಲ್ ಪಾಠ ನೆನಪಾಗುತ್ತದೆ. ಹುಟ್ಟಿದಾಗ ಅದು ಓದು ಕಲಿಸುವ ಶಾಲೆಯೂ ಹೌದು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ವಾರಾಂತ್ಯದ ಪಾಠಕ್ಕೆ ಬರವಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಫಲಿತಾಂಶ, ಭಾರೀ ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಆಮೇಲೆ ಶುರುವಾದದ್ದು ಸುತ್ತೋಲೆಗಳ ಸುರಿಮಳೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಭಾನುವಾರವೂ ತರಗತಿ. ‘ನಿಧಾನ ಕಲಿಕೆ’ಯ ಮಕ್ಕಳನ್ನು ಮೇಷ್ಟ್ರುಗಳಿಗೆ ದತ್ತು ಕೊಡುವುದು, ನಸುಕಿನ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು. ಮೇಷ್ಟ್ರುಗಳ ಶ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ತಮ್ಮ ಮಕ್ಕಳನ್ನು ಎಬ್ಬಿಸದೆ ಊರ ಮಕ್ಕಳನ್ನು ಎಬ್ಬಿಸಿದ ಮೇಡಂಗಳನ್ನು ಬಲ್ಲೆ.

ಆದರೆ ಆ ತರಗತಿಗಳಲ್ಲಿ ಕೈಗೆ ಕೊಡುವುದು ‘ಪಾಸಿಂಗ್ ಪ್ಯಾಕೇಜ್’. ಗಣಿತದಲ್ಲಿ ಒಂದು ರಚನೆ, ಒಂದು ನಕ್ಷೆ, ಥೇಲ್ಸನ ಪ್ರಮೇಯ ಬಾಯಿಪಾಠ. ವಿಜ್ಞಾನದಲ್ಲಿ ಹೃದಯದ ಚಿತ್ರ, ಕಣ್ಣಿನ ಚಿತ್ರ. ಇಷ್ಟು ತಿದ್ದಿ ತಿದ್ದಿ ಬರೆದರೆ ಗಡಿ ದಾಟಬಹುದು. ಥೇಲ್ಸನ ಪ್ರಮೇಯವನ್ನು ಅಕ್ಷರ ತಪ್ಪದೆ ಬರೆಯುವ ಹುಡುಗನಿಗೆ 52ರಲ್ಲಿ 38 ಕಳೆಯಲು ಬಾರದೆ ಇರುವುದು ಹತ್ತನೇ ತರಗತಿಯಲ್ಲಿ ನನಗೆ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ದಾರ ಕಡಿದದ್ದು ಮೂರನೇ ಕ್ಲಾಸಿನಲ್ಲಿ, ಗಂಟು ಹಾಕುತ್ತಿರುವುದು ಹತ್ತರಲ್ಲಿ.

ಆ 52ರ ಲೆಕ್ಕವನ್ನು ನಮ್ಮ ಭಾನುವಾರದ ಹುಡುಗನೊಬ್ಬ ಬಿಡಿಸಿದ್ದು ಹೀಗೆ: ಎರಡು ಮತ್ತು ಎಂಟು, ದೊಡ್ಡದರಲ್ಲಿ ಚಿಕ್ಕದು ಕಳೆದರೆ ಆರು. ಐದರಲ್ಲಿ ಮೂರು ಹೋದರೆ ಎರಡು. ಉತ್ತರ 26. ನೋಡಿ, ಇದು ಕಣ್ಣುಮುಚ್ಚಿ ಬರೆದ ತಪ್ಪಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂದು ಎರಡನೇ ಕ್ಲಾಸಿನಲ್ಲಿ ಹೇಳಿಕೊಟ್ಟ ಮಾತನ್ನು ಅವನು ನಿಯತ್ತಾಗಿ ಪಾಲಿಸಿದ್ದಾನೆ. ದಶಕದಿಂದ ಸಾಲ ತರುವ ದಿನ ಅವನು ಶಾಲೆಯಲ್ಲಿ ಇರಲಿಲ್ಲವೋ, ಇದ್ದರೂ ಮೇಷ್ಟ್ರು ಯಾವುದೋ ಗಣತಿಗೆ ಹೋಗಿದ್ದರೋ. ಅವನಪ್ಪ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಅಂಗಡಿ ಇಟ್ಟಿದ್ದಾನೆ. "52 ರೂಪಾಯಿ ಕೊಟ್ಟ ಗಿರಾಕಿಗೆ 38ರ ಮಿರ್ಚಿ ಕಟ್ಟಿದರೆ ಎಷ್ಟು ತಿರುಗಿ ಕೊಡ್ತೀಯ?" ಎಂದೆ. "ಹದಿನಾಕ್ ರೀ" ಎಂದ, ನನ್ನ ಮಾತು ಮುಗಿಯುವ ಮೊದಲೇ. "ಹಾಗಾದರೆ ಇದು?" ಎಂದು ಪಾಟಿ ತೋರಿಸಿದೆ. "ಅದು ಅಂಗಡಿ ಲೆಕ್ಕರೀ ಸರ, ಇದು ಸಾಲಿ ಲೆಕ್ಕ."

ಬ್ರೆಜಿಲ್ಲಿನ ರೆಸಿಫೆ ಊರಿನಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮಾರುವ ಮಕ್ಕಳನ್ನು ನೋಡಿದ ಮೂವರು ಸಂಶೋಧಕರು 1985ರಲ್ಲಿ ಇದನ್ನೇ ಬರೆದರು. ವ್ಯಾಪಾರದ ಮಾತಿನಲ್ಲಿ ಕೇಳಿದ ಲೆಕ್ಕಗಳಲ್ಲಿ ಮಕ್ಕಳ ಉತ್ತರ ನೂರಕ್ಕೆ 98 ಸರಿ. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಅಂಕಿಗಳಾಗಿ ಕೊಟ್ಟರೆ ಸರಿಯುತ್ತರ ನೂರಕ್ಕೆ 37. ದಿಲ್ಲಿ, ಕೋಲ್ಕತ್ತಾ ಮಾರುಕಟ್ಟೆಯ ಮಕ್ಕಳ ಬಗ್ಗೆ 2025ರಲ್ಲಿ ಬಂದ ಅಧ್ಯಯನದ ಕಥೆಯೂ ಹೆಚ್ಚುಕಡಿಮೆ ಇದೇ. ನಮ್ಮ ಹುಡುಗ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದ.

ಭಾಷೆಯಲ್ಲೂ ಇಂಥದ್ದೇ. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಮಗು ಆಡಿದಂತೆಯೇ ಬರೆಯುತ್ತದೆ. ಕೆಂಪು ಶಾಯಿ ಬೀಳುತ್ತದೆ. ಬಾಲ್ಯದಲ್ಲಿ ನನ್ನ ಪಕ್ಕ ಕೂರುತ್ತಿದ್ದವನೊಬ್ಬ ಹಕಾರಕ್ಕೆ ತಿಂದ ಏಟುಗಳನ್ನು ಎಣಿಸಿದರೆ ಇನ್ನೊಂದು ಭಾಷೆಯನ್ನೇ ಕಲಿಯಬಹುದಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ಕಿವಿ ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು ಹೇಳುತ್ತದೆ, ಎರಡೂ ಇರಲಿ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಹಿಂದಕ್ಕೆ ಹೋಗಿ ದಾರ ಕಡಿದ ಜಾಗದಿಂದ ಹೊಸೆಯುವುದು ಹೇಗೆಂಬುದು ಗುಟ್ಟೇನಲ್ಲ. ಮುಂಬೈಯ ‘ಪ್ರಥಮ್’ ಸಂಸ್ಥೆ ತೊಂಬತ್ತರ ದಶಕದಿಂದ ಅದನ್ನೇ ಮಾಡುತ್ತಿದೆ. ಮಗುವಿನ ಮುಂದೆ ಒಂದು ಹಾಳೆ ಇಡುತ್ತಾರೆ: ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕಥೆ. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಪಾಠ. ತರಗತಿ ಯಾವುದೆಂದು ಕೇಳುವುದಿಲ್ಲ. ವಡೋದರಾ ಮತ್ತು ಮುಂಬೈಯಲ್ಲಿ ‘ಬಾಲಸಖಿ’ ಎಂದು ಅದೇ ಬಡಾವಣೆಯ ಯುವತಿಯರನ್ನು ನೇಮಿಸಿ, ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕಲಿಸಿದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಬಾಲಸಖಿಯ ಬಳಿ ಹೋದ ಮಕ್ಕಳು ಮುಂದೆ ಬಂದಿದ್ದರು. ಅವರು ಎದ್ದು ಹೋದದ್ದರಿಂದ ತರಗತಿ ಚಿಕ್ಕದಾಯಿತಲ್ಲ, ಉಳಿದ ಮಕ್ಕಳಿಗೆ ಅದರಿಂದ ಏನೂ ಹೆಚ್ಚು ಸಿಗಲಿಲ್ಲ. ನನ್ನ ಮಟ್ಟಿಗೆ ಆ ಅಧ್ಯಯನದಲ್ಲಿ ಕುಟುಕುವ ಮಾತು ಇದು. ನಮ್ಮ ರಾಜ್ಯದಲ್ಲೂ ‘ಓದು ಕರ್ನಾಟಕ’, ಕೊರೊನಾ ನಂತರ 2022-23ರ ‘ಕಲಿಕಾ ಚೇತರಿಕೆ’ ಇದೇ ಹಾದಿಯವು. ಹೆಸರು ಚೆನ್ನಾಗಿತ್ತು. ಜ್ವರ ಬಿಟ್ಟ ಮಗುವಿಗೆ ಗಂಜಿ ಕೊಡುವ ಹಾಗೆ.

ವಾರಾಂತ್ಯದ ಶಾಲೆಗೆ ಇರುವ ಅನುಕೂಲ ಎಂದರೆ ಅದಕ್ಕೆ ಪಾಠಪಟ್ಟಿಯ ಭಯ ಇಲ್ಲ. ‘ಸಿಲೆಬಸ್ ಮುಗಿಸಿದಿರಾ?’ ಎಂದು ಯಾರೂ ಕೇಳುವುದಿಲ್ಲ. ಎಂಟನೇ ಕ್ಲಾಸಿನವನ ಕೈಗೆ ಎರಡನೇ ಕ್ಲಾಸಿನ ಕಥೆ ಕೊಡಬಹುದು, ಅವನಿಗೆ ನಾಚಿಕೆಯಾಗದ ಹಾಗೆ. ಅದಕ್ಕೆ ನಾವು ಕಂಡುಕೊಂಡ ಉಪಾಯ, ಚಿಕ್ಕವರಿಗೆ ಓದಿ ಹೇಳುವ ಕೆಲಸವನ್ನು ಅವನಿಗೇ ವಹಿಸುವುದು. ಓದಿ ಹೇಳಬೇಕೆಂದರೆ ಹಿಂದಿನ ದಿನ ಗುಟ್ಟಾಗಿ ಓದಿಕೊಂಡು ಬರಲೇಬೇಕು. ಒತ್ತಕ್ಷರದಲ್ಲಿ ಎಡವುತ್ತಿದ್ದ ಹುಡುಗನೊಬ್ಬ ‘ಕತ್ತೆ’ಯನ್ನು ಮೂರು ವಾರ ‘ಕತೆ’ ಎಂದೇ ಓದಿದ. ಕತೆ ಹುಲ್ಲು ಮೇಯುತ್ತಿತ್ತು, ಕತೆ ಅಗಸನ ಮನೆಗೆ ಹೋಯಿತು. ಚಿಕ್ಕವರು ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ನಾಲ್ಕನೇ ವಾರ ಕತ್ತೆ ಬಂತು.

ಅನಾನುಕೂಲವೂ ಇದೆ, ಅದನ್ನು ಮುಚ್ಚಿಡಬಾರದು. ಬಾ ಎಂದರೆ ಬರಬೇಕಾದ ಮಗುವೇ ಬರುವುದಿಲ್ಲ. ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಸ್ವಯಂಸೇವಕರು ಶಾಲೆಯ ಹೊರಗೆ ಓದಿನ ತರಗತಿ ನಡೆಸಿದರು. ಬಂದ ಮಕ್ಕಳ ಕಲಿಕೆ ಚೆನ್ನಾಗಿಯೇ ಏರಿತು. ಬಂದವರು ಎಷ್ಟು? ಓದಲು ಬಾರದ ಮಕ್ಕಳಲ್ಲಿ ನೂರಕ್ಕೆ 13. ಲಂಡನ್ನಿನಲ್ಲಿ ಹಾಗಾಗಲಿಲ್ಲ ಏಕೆಂದರೆ ಅಲ್ಲಿ ಶಾಲೆ ಶುರು ಮಾಡಿದವರೇ ತಾಯಿತಂದೆಯರು. ಅವಮಾನ ಮನೆಯೊಳಗೆ ಬಂದು ಕೂತಿತ್ತು. ನಮ್ಮಲ್ಲಿ ಶಾಲೆ ಶುರು ಮಾಡುವವರು ನನ್ನಂಥವರು. ನಗರದಿಂದ ಬೈಕಿನಲ್ಲಿ ಬಂದು, ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುವವರು.

ನವೆಂಬರ್ ಬಂದಾಗ ಹದಿನಾಲ್ಕು ಮಕ್ಕಳು ಒಂಬತ್ತಾದರು, ಆಮೇಲೆ ಐದು. ಅಂದು ‘ನಳ ಲೇ’ ಎಂದು ಪಕ್ಕದವನ ತೊಡೆ ಚಿವುಟಿದ ಹುಡುಗಿಯೂ ಮೂರು ವಾರ ಕಾಣಲಿಲ್ಲ. ಅವಳ ಮನೆಗೆ ಹೋದೆ. ಬೀಗ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ, "ಹತ್ತಿ ಬಿಡಸಾಕ ಹೋಗ್ಯಾರ್ರೀ" ಎಂದರು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕ. ಶಾಲೆ ಇಲ್ಲದ ದಿನ ಎಂದರೆ ಮನೆಯಲ್ಲಿ ಎರಡು ಕೈ ಹೆಚ್ಚು. ನಾನು ಭಾನುವಾರವನ್ನು ಆರಿಸಿಕೊಂಡದ್ದು ನನಗೆ ಅಂದು ರಜೆ ಎಂಬ ಒಂದೇ ಕಾರಣಕ್ಕೆ. ಅವರ ಭಾನುವಾರ ಹೇಗಿರುತ್ತದೆಂದು ಕೇಳಿರಲೇ ಇಲ್ಲ. ಲೆಕ್ಕದಲ್ಲಿ ನಲ್ಲಿ ಬರೆದಾಗಿನ ತಪ್ಪನ್ನೇ ಮತ್ತೊಮ್ಮೆ ಮಾಡಿದ್ದೆ.

ಒಂದು ಸಂಜೆ ಏಳೂವರೆಗೆ ಮಾರುತಿ ಗುಡಿಯ ಮುಂದೆ ತಾಯಂದಿರನ್ನು ಕೂಡಿಸಿದೆವು. ಬೆರಳ ತುದಿಗಳಲ್ಲಿ ಹತ್ತಿಕಾಯಿಯ ಮುಳ್ಳು ಗೀರಿದ ಗುರುತು, ಸೆರಗಿಗೆ ಅಂಟಿದ ಹತ್ತಿಯ ಎಳೆ. ಅವರೇ ಮಾತಾಡಿಕೊಂಡರು, ನನ್ನ ಕಡೆ ಹೆಚ್ಚು ನೋಡಲಿಲ್ಲ. ಐತವಾರ ಬ್ಯಾಡ ಎಂಬುದು ಮೊದಲು ತೀರ್ಮಾನವಾಯಿತು. ಶನಿವಾರ ಮುಂಜಾನೆ ಸಾಲಿ. ಸಾಲಿ ಬಿಟ್ಟ ಮೇಲೆ ಮನೆಗೆ ಬಿಟ್ಟರೆ ಹೊಲಕ್ಕೆ ಹೋಗುತ್ತಾರೆ, ಸಾಲಿಯಿಂದಲೇ ನೇರ ಗುಡಿಗೆ ಕಳಿಸಬೇಕು. ರೊಟ್ಟಿ? ಒಂದೊಂದು ವಾರ ಒಬ್ಬೊಬ್ಬರು ಕಟ್ಟಿ ಕಳಿಸುವುದು. ದನ ಯಾರು ಹೊಡೆದುಕೊಂಡು ಬರುವುದು ಎಂಬುದಕ್ಕೆ ಅರ್ಧ ಗಂಟೆ ಹಿಡಿಯಿತು. ನಡುವೆ ಒಬ್ಬಾಕೆ, "ನಮಗೂ ಒಂದೀಟು ಸಹಿ ಮಾಡೂದು ಕಲಿಸ್ತೀರೇನ್ರೀ?" ಎಂದಳು. ಎಲ್ಲರೂ ಅವಳನ್ನು ನೋಡಿ ನಕ್ಕರು, ಆಮೇಲೆ ನನ್ನನ್ನು ನೋಡಿದರು, ನಗದೆ.

ಏಳುವಾಗ ನಾನು, ಇನ್ನೆರಡು ವಾರ ಕಳೆದರೆ ಹತ್ತಿ ಮುಗಿಯುತ್ತದಲ್ಲ, ಆಮೇಲೆ ಎಲ್ಲ ಮಕ್ಕಳೂ ಬರುತ್ತಾರೆ ಎಂದೆ.

"ಹತ್ತಿ ಮುಗೀತಂದ್ರ ಕಡ್ಲಿ ಬಂತಲ್ರೀ" ಎಂದರು ಅಜ್ಜಿ.